ಸಾಬೂನಿನ ಕಥೆಗಳನ್ನು ಕೊಂದವರು ಯಾರು?

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ನಡಿಗೆ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂಡುವ ನಿವೃತ್ತರ ಗುಂಪೊಂದಿದೆ. ಪ್ರಪಂಚದ ಯಾವ ವಿಷಯವೂ ಆ ಬೆಂಚಿನ ತೀರ್ಪಿನಿಂದ ತಪ್ಪಿಸಿಕೊಂಡಿಲ್ಲ. ಕಳೆದ ವಾರ ಅಲ್ಲಿ ವಿಚಾರಣೆಗೆ ಬಂದದ್ದು ದೂರದರ್ಶನ ಧಾರಾವಾಹಿಗಳ ಪ್ರಕರಣ. ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದ ಮಿತ್ರರೊಬ್ಬರು ಖಚಿತವಾದ ದನಿಯಲ್ಲಿ ಹೇಳಿದರು: “ಅಮೆರಿಕದಲ್ಲಿ ಈ ಸೋಪ್ ಆಪೆರಾಗಳ ಕಥೆ ಮುಗಿಯಿತು ಮೇಷ್ಟ್ರೇ. ಅಲ್ಲಿಯ ಜನರ ಅಭಿರುಚಿ ಬೆಳೆಯಿತು, ಕಸ ತಾನಾಗಿ ಕೊಚ್ಚಿಹೋಯಿತು. ನಮ್ಮಲ್ಲೂ ಆ ಪುಣ್ಯಕಾಲ ಬರಬೇಕು.” ಸುತ್ತಲಿದ್ದವರೆಲ್ಲ ತಲೆದೂಗಿದರು. ನಾನು ತಲೆದೂಗಲಿಲ್ಲ, ಆದರೆ ಉತ್ತರಿಸಲು ಆಗ ಮಾತೂ ಸಿಕ್ಕಲಿಲ್ಲ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಮಾತನಾಡಿದವನಿಗೆ ಸರಿಯಾದ ಉತ್ತರ ಹೊಳೆಯುವುದು ಯಾವಾಗಲೂ ಮನೆಗೆ ಬಂದ ಮೇಲೆಯೇ. ಆದ್ದರಿಂದ ಈ ಬರೆಹ.

ಮಿತ್ರರ ಮಾತಿನಲ್ಲಿ ಎರಡು ಆರೋಪಗಳಿವೆ. ಆ ಕಥೆಗಳು ಬರಿಯ ಕಸವಾಗಿದ್ದವು ಎಂಬುದು ಒಂದು. ಅವು ತಾವಾಗಿಯೇ ಸತ್ತವು ಎಂಬುದು ಇನ್ನೊಂದು. ಮೊದಲನೆಯದು ಅರ್ಧಸತ್ಯ. ಎರಡನೆಯದು ಪೂರ್ಣ ಸುಳ್ಳು.

ಮೊದಲು ನನ್ನ ತಪ್ಪೊಪ್ಪಿಗೆ. ಒಂದು ಕಾಲದಲ್ಲಿ ನಾನೂ ಆ ಬೆಂಚಿನವನೇ. 1990ರ ದಶಕದ ಮೊದಲಲ್ಲಿ ಕೇಬಲ್ ತಂತಿ ನಮ್ಮ ಬೀದಿಯನ್ನು ತಲುಪಿ, ಸ್ಟಾರ್ ವಾಹಿನಿಯಲ್ಲಿ ‘ಸಾಂಟಾ ಬಾರ್ಬರಾ’, ‘ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ ಕಾಣಿಸಿಕೊಂಡಾಗ, ಅವನ್ನು ನೋಡುವವರನ್ನು ಕಂಡು ನಕ್ಕವರಲ್ಲಿ ನಾನೇ ಮೊದಲಿಗ. ಆ ನಗು ನಿಂತದ್ದು 2009ರಲ್ಲಿ. ಆ ವರ್ಷ ನಾನೂ ನನ್ನಾಕೆಯೂ ಮಗಳ ಮನೆಗೆಂದು ಓಹಾಯೋ ರಾಜ್ಯದ ಸಿನ್ಸಿನಾಟಿಗೆ ಹೋಗಿ ಆರು ತಿಂಗಳು ಇದ್ದೆವು. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಆ ದೇಶದ ಹಗಲು ಎಷ್ಟು ಉದ್ದವೆಂಬುದು ಅಲ್ಲಿ ಇದ್ದು ಬಂದ ತಂದೆತಾಯಿಯರಿಗೆ ಗೊತ್ತು. ಪಕ್ಕದ ಮನೆಯಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ವಿಧವೆ ಅಜ್ಜಿ ಒಂಟಿಯಾಗಿದ್ದರು. ಪ್ರತಿದಿನ ಒಂದು ಗಂಟೆ ಅವರು ‘ಗೈಡಿಂಗ್ ಲೈಟ್’ ಎಂಬ ಧಾರಾವಾಹಿಯನ್ನು ನೋಡುತ್ತಿದ್ದರು. ನನ್ನಾಕೆಯನ್ನೂ ಕರೆದರು. ಇವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರಿಗೆ ಕನ್ನಡವೆಂಬ ಭಾಷೆ ಇರುವುದೇ ತಿಳಿಯದು. ಆದರೂ ಎರಡು ವಾರದೊಳಗೆ ಯಾರು ಯಾರ ಮಗ, ಯಾರು ಯಾರನ್ನು ಬಿಟ್ಟು ಯಾರನ್ನು ಮದುವೆಯಾದಳು ಎಂಬುದೆಲ್ಲ ಇವಳಿಗೆ ಬಾಯಿಪಾಠವಾಗಿತ್ತು.

ಆ ಅಜ್ಜಿ ಅದೇ ಕಥೆಯನ್ನು ಮೊದಲು ಕೇಳಿದ್ದು ಬಾಲ್ಯದಲ್ಲಿ, ರೇಡಿಯೋದಲ್ಲಿ, ಬಟ್ಟೆ ಇಸ್ತ್ರಿ ಮಾಡುತ್ತಿದ್ದ ತಾಯಿಯ ಪಕ್ಕ ಕುಳಿತು! ‘ಗೈಡಿಂಗ್ ಲೈಟ್’ ರೇಡಿಯೋದಲ್ಲಿ ಆರಂಭವಾದದ್ದು 1937ರಲ್ಲಿ. 1952ರಲ್ಲಿ ಅದು ಸಿ.ಬಿ.ಎಸ್. ದೂರದರ್ಶನಕ್ಕೆ ಬಂದಿತು. 2009ರ ಸೆಪ್ಟೆಂಬರ್ 18ರಂದು, ನಾವು ಅಲ್ಲಿದ್ದಾಗಲೇ, ನಿಂತುಹೋಯಿತು. ಎಪ್ಪತ್ತೆರಡು ವರ್ಷ. ದೂರದರ್ಶನದ ಕಂತುಗಳೇ ಹದಿನೈದು ಸಾವಿರಕ್ಕೂ ಹೆಚ್ಚು. ಅಂದು ಶುಕ್ರವಾರ. ಕೊನೆಯ ಕಂತು ನೋಡಿ ಮನೆಗೆ ಬಂದ ನನ್ನಾಕೆ ಕೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ರೀ, ಸೋಮವಾರದಿಂದ ಆ ಹೊತ್ತಿಗೆ ಅಜ್ಜಿ ಏನು ಮಾಡ್ತಾರೆ?”

ಇನ್ನು ಚರಿತ್ರೆಗೆ ಬರೋಣ. ಈ ಕಥೆಗಳಿಗೆ ‘ಸೋಪ್’ ಎಂಬ ಹೆಸರು ಬಂದದ್ದೇ ಸಾಬೂನಿನಿಂದ. ಸಿನ್ಸಿನಾಟಿಯಲ್ಲಿಯೇ ಕೇಂದ್ರ ಕಚೇರಿಯಿರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 1933ರಲ್ಲಿ ತನ್ನ ಆಕ್ಸಿಡಾಲ್ ಎಂಬ ಬಟ್ಟೆ ತೊಳೆಯುವ ಪುಡಿಯನ್ನು ಮಾರಲು ‘ಮಾ ಪರ್ಕಿನ್ಸ್’ ಎಂಬ ರೇಡಿಯೋ ಕಥೆಗೆ ಹಣ ಕೊಟ್ಟಿತು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವವಳು ಗೃಹಿಣಿ. ಸಾಬೂನು ಕೊಳ್ಳುವವಳೂ ಅವಳೇ. ಅವಳನ್ನು ರೇಡಿಯೋದ ಮುಂದೆ ನಿಲ್ಲಿಸಲು ದಿನಕ್ಕೆ ಹದಿನೈದು ನಿಮಿಷದ ಕಥೆ. ಲೆಕ್ಕಾಚಾರ ಶುದ್ಧ ವ್ಯಾಪಾರದ್ದು. ಅದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ವ್ಯಾಪಾರಿ ಕಟ್ಟಿಸಿದ ಛತ್ರದಲ್ಲಿಯೂ ಒಳ್ಳೆಯ ಹರಿಕಥೆ ನಡೆಯಬಹುದು. ‘ಗೈಡಿಂಗ್ ಲೈಟ್’ ಸೃಷ್ಟಿಸಿದ ಇರ್ನಾ ಫಿಲಿಪ್ಸ್ ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಪಾಠ ಹೇಳಿದ್ದು ಸಿನ್ಸಿನಾಟಿಗೆ ಸಮೀಪದ ಡೇಟನ್ ನಗರದಲ್ಲಿ. ಇದನ್ನು ತಿಳಿದಾಗ ನನಗಾದ ಸಂತೋಷವನ್ನು ಓದುಗರು ಮನ್ನಿಸಬೇಕು, ವೃತ್ತಿಬಾಂಧವ್ಯ. 1930ರಲ್ಲಿ ಷಿಕಾಗೋ ರೇಡಿಯೋಗೆ ‘ಪೇಂಟೆಡ್ ಡ್ರೀಮ್ಸ್’ ಬರೆದು ಈ ಪ್ರಕಾರಕ್ಕೆ ಅಡಿಪಾಯ ಹಾಕಿದವರೂ ಅವರೇ. 1956ರಲ್ಲಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಮೂಲಕ ಹದಿನೈದು ನಿಮಿಷದ ಕಥೆಯನ್ನು ಅರ್ಧ ಗಂಟೆಗೆ ಹಿಗ್ಗಿಸಿದರು. ಅವಸರವಿಲ್ಲದ ಕಥೆ ಅದು. ಅಡುಗೆಮನೆಯ ಮೇಜಿನ ಸುತ್ತ ಕುಳಿತವರ ಮಾತು, ಮಾತಿನ ನಡುವಿನ ಮೌನ. ಅವರಲ್ಲಿ ಗುರುವಿನ ಗುಣವೂ ಇತ್ತು. ಅವರ ಕೈಕೆಳಗೆ ಪಳಗಿದ ಆ್ಯಗ್ನೆಸ್ ನಿಕ್ಸನ್ ‘ಒನ್ ಲೈಫ್ ಟು ಲಿವ್’ (1968), ‘ಆಲ್ ಮೈ ಚಿಲ್ಡ್ರನ್’ (1970) ಕೊಟ್ಟರು. ಇನ್ನೊಬ್ಬ ಶಿಷ್ಯ ವಿಲಿಯಂ ಬೆಲ್ ತಮ್ಮ ಪತ್ನಿಯೊಡನೆ ಸೇರಿ ಸೃಷ್ಟಿಸಿದ್ದು ‘ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್’ (1973), ಮತ್ತು ನಾನು ನಕ್ಕಿದ್ದ ಆ ‘ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ (1987). 1970ರ ಹೊತ್ತಿಗೆ ಮೂರು ಜಾಲಗಳಲ್ಲಿ ಸೇರಿ ಹತ್ತೊಂಬತ್ತರಷ್ಟು ಹಗಲು ಧಾರಾವಾಹಿಗಳು ನಡೆಯುತ್ತಿದ್ದವು.

ಈಗ ‘ಕಸ’ ಎಂಬ ಮಾತನ್ನು ಪರೀಕ್ಷಿಸೋಣ. 1962ರಲ್ಲಿ ನಿಕ್ಸನ್ ಅವರು ‘ಗೈಡಿಂಗ್ ಲೈಟ್’ನ ಮುಖ್ಯ ಪಾತ್ರವೊಂದಕ್ಕೆ ಗರ್ಭಕೋಶದ ಕ್ಯಾನ್ಸರ್ ಬರಿಸಿ, ಪ್ಯಾಪ್ ಪರೀಕ್ಷೆಯನ್ನು ಮಾಡಿಸಿಕೊಳ್ಳಿರೆಂದು ಮನೆಮನೆಯ ಹೆಂಗಸರಿಗೆ ತಿಳಿಸಿದರು. ‘ಕ್ಯಾನ್ಸರ್’ ಎಂಬ ಮಾತನ್ನಾಗಲಿ, ‘ಗರ್ಭಕೋಶ’ ಎಂಬ ಮಾತನ್ನಾಗಲಿ ಬಳಸಕೂಡದೆಂಬುದು ಅವರಿಗೆ ವಿಧಿಸಿದ ಷರತ್ತು! ಆ ಎರಡೂ ಪದಗಳಿಲ್ಲದೆ ಆ ಪಾಠವನ್ನು ಹೇಳಿದ ಲೇಖಕಿಗೆ ಯಾವ ಶಿಕ್ಷಕನೂ ತಲೆಬಾಗಬೇಕು. 1968ರಲ್ಲಿ, ವರ್ಣದ ಪ್ರಶ್ನೆ ಆ ದೇಶವನ್ನು ಸುಡುತ್ತಿದ್ದಾಗ, ಬಿಳಿಯಳೆಂದು ಹೇಳಿಕೊಂಡು ಬದುಕುವ ಕಪ್ಪು ಹೆಣ್ಣೊಬ್ಬಳ ಸಂಕಟವನ್ನು ‘ಒನ್ ಲೈಫ್ ಟು ಲಿವ್’ ಹಗಲು ಹೊತ್ತಿನಲ್ಲಿ ತೋರಿಸಿತು. 1973ರಲ್ಲಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ ವರ್ಷವೇ, ‘ಆಲ್ ಮೈ ಚಿಲ್ಡ್ರನ್’ನ ನಾಯಕಿ ಗರ್ಭಪಾತ ಮಾಡಿಸಿಕೊಂಡಳು. 1995ರಲ್ಲಿ ‘ಜನರಲ್ ಹಾಸ್ಪಿಟಲ್’ನ ಯುವಕನೊಬ್ಬ ಏಡ್ಸ್‌ನಿಂದ ತೀರಿಕೊಂಡ, ಸೋಂಕು ತಗುಲಿದ ಅವನ ಗೆಳತಿಯನ್ನು ಕಥೆ ಕೊಲ್ಲಲಿಲ್ಲ, ಬದುಕಿಸಿ ಬೆಳೆಸಿತು. ಇವನ್ನೆಲ್ಲ ಕಸವೆನ್ನುವವರು ಅದನ್ನು ಕೆದಕಿಯಾದರೂ ನೋಡಿದ್ದಾರೆಯೆ?

ಪಾಪಗಳೂ ಇವೆ, ಅವನ್ನು ಮರೆಮಾಚಿದರೆ ನಾನು ವಾದಿಯಲ್ಲ, ಭಟ್ಟಂಗಿ. 1981ರ ನವೆಂಬರಿನಲ್ಲಿ ‘ಜನರಲ್ ಹಾಸ್ಪಿಟಲ್’ನ ಲ್ಯೂಕ್ ಮತ್ತು ಲಾರಾ ಮದುವೆಯನ್ನು ಸುಮಾರು 3 ಕೋಟಿ ಜನ ನೋಡಿದರು. ಹಗಲು ಧಾರಾವಾಹಿಯ ಅತ್ಯುನ್ನತ ಶಿಖರವೆಂದರೆ ಅದು. ಆದರೆ ಆ ವರ ಆ ವಧುವಿನ ಮೇಲೆ 1979ರಲ್ಲಿ ಅತ್ಯಾಚಾರ ಮಾಡಿದ್ದವನು! ಅದನ್ನು ಪ್ರೇಮವಾಗಿ ತಿದ್ದಿ ಬರೆದರು. ಆ ಅಪರಾಧವನ್ನು ಅಪರಾಧವೆಂದೇ ನೋಡಲು ಕಥೆ 1998ರವರೆಗೆ ಕಾಯಬೇಕಾಯಿತು. 1990ರ ದಶಕದಲ್ಲಿ ‘ಡೇಸ್ ಆಫ್ ಅವರ್ ಲೈವ್ಸ್’ನ ಮನೋವೈದ್ಯೆಯ ಮೈಮೇಲೆ ಸೈತಾನನನ್ನೇ ಬರಿಸಿದರು. ಸತ್ತವರು ಎದ್ದುಬಂದದ್ದಕ್ಕೆ ಲೆಕ್ಕವೇ ಇಲ್ಲ. ಒಪ್ಪಿದೆ. ಆದರೆ ಒಂದು ಪ್ರಕಾರವನ್ನು ಅದರ ಅತಿ ಕೆಟ್ಟ ಕೃತಿಯಿಂದ ಅಳೆಯುವುದಾದರೆ ಕಾದಂಬರಿ, ನಾಟಕ, ಚಲನಚಿತ್ರ ಯಾವುದು ಉಳಿದೀತು?

ರಾತ್ರಿಯ ನಾಟಕಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಹಗಲಿನ ಹೆಂಗಸರ ಸರಕೆಂದು ನಕ್ಕ ‘ಮುಂದುವರಿಯುವುದು’ ಎಂಬ ತಂತ್ರವನ್ನೇ ರಾತ್ರಿಯ ವೇಳೆಗೆ ಹೊತ್ತು ತಂದದ್ದು ‘ಡಲ್ಲಾಸ್’ (1978–1991). ಜೆ.ಆರ್. ಎಂಬ ಖಳನಿಗೆ ಗುಂಡು ಹೊಡೆದವರು ಯಾರೆಂದು ತಿಳಿಯಲು 1980ರ ನವೆಂಬರ್ 21ರ ರಾತ್ರಿ ಸುಮಾರು 8.3 ಕೋಟಿ ಅಮೆರಿಕನ್ನರು ಕಾದು ಕುಳಿತರು. 1981ರಲ್ಲಿ ಬಂದ ‘ಹಿಲ್ ಸ್ಟ್ರೀಟ್ ಬ್ಲೂಸ್’ ಪೊಲೀಸ್ ಠಾಣೆಯೊಂದರ ಬದುಕನ್ನು ಅದೇ ರೀತಿ ವಾರದಿಂದ ವಾರಕ್ಕೆ ಬೆಳೆಸಿತು. ಮೊದಲ ವರ್ಷ ಅದನ್ನು ನೋಡಿದವರು ತೀರ ಕಡಿಮೆ. ಆದರೂ ಎನ್.ಬಿ.ಸಿ. ಅದನ್ನು ಕೈಬಿಡಲಿಲ್ಲ, ಆ ವರ್ಷವೇ ಅದಕ್ಕೆ ಎಂಟು ಎಮ್ಮಿ ಪ್ರಶಸ್ತಿಗಳು ಬಂದವು. 1983ರ ಫೆಬ್ರವರಿ 28ರಂದು ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯ ಕಥೆ ‘ಮ್ಯಾಷ್’ ಮುಗಿದಾಗ ನೋಡಿದವರು ಹತ್ತೂವರೆ ಕೋಟಿಗೂ ಮಿಗಿಲು. ಒಂದು ದೇಶ ಒಂದೇ ಹೊತ್ತಿನಲ್ಲಿ ಒಂದೇ ಕಥೆಗೆ ಕಿವಿಗೊಟ್ಟ ಕಾಲ ಅದು. ಮುಂದೆ 1999ರಲ್ಲಿ, ತಿಂಗಳ ಚಂದಾ ಕೊಟ್ಟು ನೋಡುವ ಎಚ್.ಬಿ.ಓ.ದಲ್ಲಿ ‘ದಿ ಸೊಪ್ರಾನೋಸ್’ ಬಂದಾಗ, ಹಿಂದೆ ನಕ್ಕ ಅದೇ ವಿಮರ್ಶಕ ವರ್ಗ “ಇದು ಕಾದಂಬರಿಗೆ ಸಮಾನ” ಎಂದು ಕೊಂಡಾಡಿತು. ಬಹುಪಾತ್ರ, ಬಹುಕಾಲ, ಮುಗಿಯದ ಎಳೆಗಳು: ಇವೆಲ್ಲ ಇರ್ನಾ ಫಿಲಿಪ್ಸ್ ಅವರ ಅಡುಗೆಮನೆಯಲ್ಲಿ ಬೆಂದ ಅನ್ನವಲ್ಲವೆ? ಗೃಹಿಣಿ ಉಂಡಾಗ ತಂಗಳು. ಚಂದಾದಾರ ಉಂಡಾಗ ಮೃಷ್ಟಾನ್ನ!

ಹಾಗಾದರೆ ಸಾವು ಹೇಗೆ ಬಂತು? ವಾಡಿಕೆಯ ಉತ್ತರಗಳು ಮೂರು. ಹೆಂಗಸರು ಮನೆಯ ಹೊರಗೆ ದುಡಿಯತೊಡಗಿದರು ಎಂಬುದು ಮೊದಲನೆಯದು. ನಿಜ, 1950ರಲ್ಲಿ ಅಮೆರಿಕದ ವಯಸ್ಕ ಹೆಂಗಸರಲ್ಲಿ ದುಡಿಮೆಗೆ ನಿಂತವರು ನೂರಕ್ಕೆ 34 ಮಂದಿ, 1999ರಲ್ಲಿ 60 ಮಂದಿ. ಇದು ಸಂತೋಷದ ಸಂಗತಿ. ಒಂದು ಧಾರಾವಾಹಿ ಉಳಿಯಲೆಂದು ಯಾವ ಹೆಣ್ಣೂ ಮನೆಯಲ್ಲಿ ಕೂಡಬೇಕಾಗಿಲ್ಲ. ಎರಡನೆಯದು, 1995ರಲ್ಲಿ ಓ.ಜೆ. ಸಿಂಪ್ಸನ್ ಕೊಲೆ ಮೊಕದ್ದಮೆಯ ನೇರ ಪ್ರಸಾರ ತಿಂಗಳುಗಟ್ಟಲೆ ಹಗಲು ಕಥೆಗಳನ್ನು ಪಕ್ಕಕ್ಕೆ ತಳ್ಳಿತು. ಆಗ ಅಭ್ಯಾಸ ತಪ್ಪಿದವರಲ್ಲಿ ಹಲವರು ಹಿಂದಿರುಗಲಿಲ್ಲ. ಮೂರನೆಯದು, ಕೇಬಲ್ ಬಂದು ವಾಹಿನಿಗಳು ನೂರಾದವು. ಇವೆಲ್ಲವೂ ನಿಜವೇ. ಆದರೆ ಇವು ರೋಗದ ಹೆಸರುಗಳು. ರೋಗಿಗೆ ವೈದ್ಯರು ಏನು ಮಾಡಿದರು ಎಂಬುದು ನನ್ನ ಪ್ರಶ್ನೆ.

ವೈದ್ಯರು ಮಾಡಿದ್ದು ಇದು. ಜಾಹೀರಾತಿನವರ ಲೆಕ್ಕದಲ್ಲಿ ಬೆಲೆಯಿದ್ದದ್ದು 18ರಿಂದ 49 ವಯಸ್ಸಿನ ಪ್ರೇಕ್ಷಕರಿಗೆ. ಅರವತ್ತು ವರ್ಷ ಬಿಡದೆ ನೋಡಿದ ನಮ್ಮ ನೆರೆಮನೆಯ ಅಜ್ಜಿಗೆ ಆ ಲೆಕ್ಕದಲ್ಲಿ ಸ್ಥಾನವೇ ಇಲ್ಲ! ಯುವಕರನ್ನು ಸೆಳೆಯಲೆಂದು ಹಿರಿಯ ಪಾತ್ರಗಳನ್ನು ಮೂಲೆಗೆ ಸರಿಸಿದರು. ಯುವಕರು ಬರಲಿಲ್ಲ, ಹಿರಿಯರು ಮುನಿದರು. ಬಳಿಕ ಖರ್ಚು ಕಡಿತ. 2008ರ ಫೆಬ್ರವರಿಯಿಂದ ‘ಗೈಡಿಂಗ್ ಲೈಟ್’ಅನ್ನು ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳಲ್ಲಿ, ನ್ಯೂಜೆರ್ಸಿಯ ಊರೊಂದರ ಬೀದಿಗಳಲ್ಲಿ ಚಿತ್ರಿಸತೊಡಗಿದರು. ಚಿತ್ರ ಅಲುಗುತ್ತಿದ್ದುದನ್ನು ನಾನೇ ಕಂಡೆ. ಮೇವು ಕಡಿಮೆ ಮಾಡಿ, ಹಸು ಹಾಲು ಕೊಡುತ್ತಿಲ್ಲವೆಂದು ಕಸಾಯಿಗೆ ಮಾರಿದ ಹಾಗಾಯಿತು.

ರಾತ್ರಿಯಲ್ಲೂ ಇದೇ ನೀತಿ. 1999ರಲ್ಲಿ ಎ.ಬಿ.ಸಿ.ಗೆ ಬಂದ ಕೋಟ್ಯಧಿಪತಿ ರಸಪ್ರಶ್ನೆ, 2000ದಲ್ಲಿ ಸಿ.ಬಿ.ಎಸ್.ಗೆ ಬಂದ ‘ಸರ್ವೈವರ್’ ಎರಡೂ ಗೆದ್ದವು. ‘ಸರ್ವೈವರ್’ನ ಮೊದಲ ಸರಣಿಯ ಕೊನೆಯ ಕಂತನ್ನು ನೋಡಿದವರು 5 ಕೋಟಿಗೂ ಹೆಚ್ಚು. ನಾಟಕಕಾರನೂ ಬೇಡ, ನಟರೂ ಬೇಡ. ಅಗ್ಗದಲ್ಲಿ ಅಧಿಕ ಲಾಭ. 2009ರ ಸೆಪ್ಟೆಂಬರಿನಲ್ಲಂತೂ ಒಂದು ಕಾಲಕ್ಕೆ ‘ಹಿಲ್ ಸ್ಟ್ರೀಟ್ ಬ್ಲೂಸ್’ಅನ್ನು ತಾಳ್ಮೆಯಿಂದ ಸಾಕಿದ ಎನ್.ಬಿ.ಸಿ.ಯೇ ವಾರದ ಐದು ರಾತ್ರಿ ಹತ್ತು ಗಂಟೆಗೆ ನಾಟಕಗಳಿಗೆ ಮೀಸಲಾಗಿದ್ದ ವೇಳೆಯನ್ನು ಜೇ ಲೆನೋ ಅವರ ಹಾಸ್ಯ-ಹರಟೆಗೆ ಕೊಟ್ಟಿತು. ಐದು ತಿಂಗಳು ಮುಗಿಯುವುದರೊಳಗೆ ಅದನ್ನು ತೆಗೆಯಬೇಕಾಯಿತು. ‘ಡಲ್ಲಾಸ್’ ಕೂಡ 1986ರಲ್ಲಿ ಇಡೀ ಒಂದು ವರ್ಷದ ಕಥೆಯನ್ನು “ಅದೆಲ್ಲ ಕನಸು” ಎಂದು ಅಳಿಸಿಹಾಕಿತ್ತು. ನಾನು ವರ್ಷವಿಡೀ ಪಾಠ ಮಾಡಿ, ಪರೀಕ್ಷೆಯ ಹಿಂದಿನ ದಿನ “ಇದೆಲ್ಲ ತಪ್ಪು ಪಾಠ ಮಕ್ಕಳೇ” ಎಂದರೆ ಹೇಗಿರುತ್ತಿತ್ತು? ನೋಡುವವರ ಶ್ರದ್ಧೆಗೆ ಬೆಲೆ ಕೊಡದವರು ಶ್ರದ್ಧೆಯನ್ನು ನಿರೀಕ್ಷಿಸಬಾರದು.

ಕೊನೆಯ ಸಾಕ್ಷಿಗಳನ್ನು ಕೇಳಿ. 2010ರ ಸೆಪ್ಟೆಂಬರಿನಲ್ಲಿ ಸಿ.ಬಿ.ಎಸ್. ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ಅನ್ನು ನಿಲ್ಲಿಸಿತು. 1963ರ ನವೆಂಬರ್ 22ರಂದು ನೇರ ಪ್ರಸಾರವಾಗುತ್ತಿದ್ದ ಆ ಕಥೆಯನ್ನು ತಡೆದೇ ಸಿ.ಬಿ.ಎಸ್. ಕೆನೆಡಿಯವರ ಮೇಲೆ ಗುಂಡು ಹಾರಿದ ಸುದ್ದಿಯನ್ನು ದೇಶಕ್ಕೆ ತಿಳಿಸಿತ್ತು. ಅಷ್ಟು ಮನೆಗಳ ನಡುಮನೆಯಲ್ಲಿದ್ದ ಕಥೆ ಅದು. 2011ರಲ್ಲಿ ಎ.ಬಿ.ಸಿ. ‘ಆಲ್ ಮೈ ಚಿಲ್ಡ್ರನ್’ ನಿಲ್ಲಿಸಿ ‘ದಿ ಚ್ಯೂ’ ಎಂಬ ಅಡುಗೆ-ಹರಟೆಯನ್ನು ತಂದಿತು. 2012ರ ಜನವರಿಯಲ್ಲಿ ‘ಒನ್ ಲೈಫ್ ಟು ಲಿವ್’ ನಿಲ್ಲಿಸಿ ‘ದಿ ರೆವಲ್ಯೂಷನ್’ ಎಂಬ ಆರೋಗ್ಯ-ಅಲಂಕಾರದ ಹರಟೆಯನ್ನು ತಂದಿತು. ನಲವತ್ತಮೂರು ವರ್ಷದ ಕಥೆಯ ಜಾಗಕ್ಕೆ ಬಂದ ಆ ‘ಕ್ರಾಂತಿ’ ಆರು ತಿಂಗಳು ಬಾಳಿತು. ‘ದಿ ಚ್ಯೂ’ 2018ರಲ್ಲಿ ಹೋಯಿತು. ಅಭಿರುಚಿ ಬೆಳೆದ ಜನ ಬಯಸಿದ್ದು ಇವನ್ನೇ ಏನು?

ಇನ್ನೂ ಸ್ವಾರಸ್ಯದ ಸಂಗತಿಯಿದೆ. ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಜಾಗಕ್ಕೆ ಬಂದ ‘ದಿ ಟಾಕ್’ ಎಂಬ ಹರಟೆ 2024ರ ಡಿಸೆಂಬರಿನಲ್ಲಿ ಮುಗಿಯಿತು. 2025ರ ಫೆಬ್ರವರಿ 24ರಂದು ಸಿ.ಬಿ.ಎಸ್. ಆ ವೇಳೆಗೆ ‘ಬಿಯಾಂಡ್ ದಿ ಗೇಟ್ಸ್’ ಎಂಬ ಹೊಸ ಹಗಲು ಧಾರಾವಾಹಿಯನ್ನು ಆರಂಭಿಸಿತು. ಸಿರಿವಂತ ಕಪ್ಪು ಕುಟುಂಬವೊಂದರ ಕಥೆ. 1999ರ ‘ಪ್ಯಾಷನ್ಸ್’ ನಂತರ ಅಲ್ಲಿಯ ದೊಡ್ಡ ಜಾಲವೊಂದು ಆರಂಭಿಸಿದ ಮೊದಲ ಹೊಸ ಹಗಲು ಧಾರಾವಾಹಿ ಅದು. ನಿರ್ಮಾಣದ ಪಾಲುದಾರರಲ್ಲಿ ಒಬ್ಬರು ಯಾರು ಬಲ್ಲಿರಾ? ಸಿನ್ಸಿನಾಟಿಯ ಅದೇ ಪ್ರಾಕ್ಟರ್ ಅಂಡ್ ಗ್ಯಾಂಬಲ್! ಕಸವೆಂದು ಬಿಸಾಡಿದ್ದನ್ನು ಹದಿನೈದು ವರ್ಷದ ಮೇಲೆ ಅದೇ ಅಂಗಡಿಯವರು ಅದೇ ಕಟ್ಟೆಗೆ ತಂದಿಟ್ಟರು. ತಾನಾಗಿ ಸತ್ತದ್ದಾದರೆ ಹೀಗೆ ತಿರುಗಿ ಕರೆಯುವ ಅಗತ್ಯವೇನಿತ್ತು? ಬಾವಿ ಬತ್ತಿರಲಿಲ್ಲ, ಹಗ್ಗ ಕತ್ತರಿಸಿದ್ದರು.

“ಈಗ ಅಂತರಜಾಲದಲ್ಲಿ ಬೇಕಾದಷ್ಟು ಕಥೆಗಳಿವೆಯಲ್ಲ” ಎನ್ನುವವರಿದ್ದಾರೆ. ಇವೆ. 2025ರ ಮೇ ತಿಂಗಳಲ್ಲಿ, ನೀಲ್ಸನ್ ಸಂಸ್ಥೆಯ ಲೆಕ್ಕದಂತೆ, ಅಮೆರಿಕದ ಪರದೆಯ ನೋಟದಲ್ಲಿ ಅಂತರಜಾಲದ ಪಾಲು ಜಾಲಗಳು ಮತ್ತು ಕೇಬಲ್ ಎರಡನ್ನೂ ಕೂಡಿಸಿದರೂ ಅದಕ್ಕಿಂತ ಹೆಚ್ಚಾಯಿತು. ‘ಡೇಸ್ ಆಫ್ ಅವರ್ ಲೈವ್ಸ್’ ಕೂಡ 2022ರಲ್ಲಿ ಅಲ್ಲಿಗೇ ವಲಸೆ ಹೋಯಿತು. ಆದರೆ ಎಂಟೋ ಹತ್ತೋ ಕಂತುಗಳನ್ನು ಒಂದೇ ರಾತ್ರಿ ಒಬ್ಬನೇ ಕುಳಿತು ನುಂಗುವುದು ಬೇರೆ; ದಿನಕ್ಕೊಂದು ತುತ್ತಿನಂತೆ ಐವತ್ತು ವರ್ಷ, ಪಾತ್ರಗಳೊಡನೆ ತಾನೂ ಮುಪ್ಪಾಗುತ್ತ, ನೆರೆಯವಳೊಡನೆ ಹಂಚಿ ಉಣ್ಣುವುದು ಬೇರೆ. ಮೊದಲನೆಯದು ರಂಜನೆ. ಎರಡನೆಯದಕ್ಕೆ ನನ್ನ ಭಾಷೆಯಲ್ಲಿ ಸಾಂಗತ್ಯ ಎನ್ನುತ್ತಾರೆ. ಹೊಸ ಗುಣಮಟ್ಟ ಎಷ್ಟೇ ದೊಡ್ಡದಿರಲಿ, ಆ ಸಾಂಗತ್ಯವನ್ನು ಅದು ತುಂಬಿಕೊಟ್ಟಿಲ್ಲ.

ಇಷ್ಟನ್ನು ಹೇಳಿದ ಮೇಲೆ ಬೆಂಚಿನ ಮಿತ್ರರಿಗೆ ನನ್ನ ಅರಿಕೆ. ನಮ್ಮಲ್ಲಿಯೂ ಒಂದು ಕಾಲದಲ್ಲಿ ಹೆಂಗಸರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂದಲಿಸಿದ ಪಂಡಿತರಿದ್ದರು. ಆ ಕಾದಂಬರಿಗಳು ಒಂದು ತಲೆಮಾರಿನ ಹೆಣ್ಣುಮಕ್ಕಳಿಗೆ ಓದಿನ ರುಚಿ ಹತ್ತಿಸಿದವು. ಮೂದಲಿಸಿದವರಲ್ಲಿ ಬಹುಮಂದಿಯ ಹೆಸರು ಇಂದು ಯಾರಿಗೂ ನೆನಪಿಲ್ಲ. ಟಿ.ಎನ್. ಸೀತಾರಾಂ ಮತ್ತು ಅವರ ಗೆಳೆಯರ ‘ಮಾಯಾಮೃಗ’ 1990ರ ದಶಕದ ಕೊನೆಯಲ್ಲಿ ಬಂದಾಗ, ದಿನದ ಧಾರಾವಾಹಿಯೂ ಗೌರವಕ್ಕೆ ಅರ್ಹವಾಗಬಲ್ಲದೆಂದು ಈ ಬೆಂಚಿನವರೇ ಒಪ್ಪಿದ್ದರು. ಇಂದಿನ ಧಾರಾವಾಹಿಗಳು ಕೆಟ್ಟಿದ್ದರೆ ಕೆಟ್ಟಿವೆಯೆಂದು, ಎಲ್ಲಿ, ಏಕೆ ಕೆಟ್ಟಿವೆಯೆಂದು ಎತ್ತಿ ತೋರಿಸೋಣ, ಸರಿಪಡಿಸಿರೆಂದು ಕೇಳೋಣ. ಶಾಲೆ ಕೆಟ್ಟಿತೆಂದು ಮಕ್ಕಳನ್ನು ನೋಡಿ ನಗುವುದೂ, ಶಾಲೆ ಮುಚ್ಚಿದ್ದಕ್ಕೆ ಹಬ್ಬ ಆಚರಿಸುವುದೂ ಮೇಷ್ಟ್ರಾದವನು ಮಾಡುವ ಕೆಲಸವಲ್ಲ. ತಿರಸ್ಕಾರ ವಿಮರ್ಶೆಯಲ್ಲ. ನೋಡುವವರನ್ನು ಕಂಡು ನಾವು ನಗುವಷ್ಟು ಕಾಲವೂ, ಅವರಿಗೆ ಏನನ್ನು ಬಡಿಸಿದರೂ ನಡೆಯುತ್ತದೆಂದು ಮಾರುವವರು ನಿಶ್ಚಿಂತರಾಗಿರುತ್ತಾರೆ. ಅಮೆರಿಕದ ಕಥೆಗಳು ಸತ್ತದ್ದು ಹೀಗೆ: ಒಡೆಯರ ಜಿಪುಣತನ ಒಂದು ಕಡೆ, ಪಂಡಿತರ ನಗು ಇನ್ನೊಂದು ಕಡೆ. ನಡುವೆ ಸಿಕ್ಕಿದವಳು ಆ ಅಜ್ಜಿ.

2009ರ ಅಕ್ಟೋಬರಿನಲ್ಲಿ ‘ಗೈಡಿಂಗ್ ಲೈಟ್’ ಜಾಗಕ್ಕೆ ಬಂದದ್ದು ‘ಲೆಟ್ಸ್ ಮೇಕ್ ಎ ಡೀಲ್’, ಬಹುಮಾನ ಗೆಲ್ಲುವ ಆಟ. ಅಜ್ಜಿ ಹತ್ತು ನಿಮಿಷ ನೋಡಿ ಟಿ.ವಿ. ಆರಿಸಿದರಂತೆ. ಆದರೂ ನನ್ನಾಕೆ ನಾವು ಊರಿಗೆ ಹೊರಡುವವರೆಗೂ ದಿನವೂ ಅದೇ ಹೊತ್ತಿಗೆ ಅವರ ಮನೆಗೆ ಹೋಗಿ, ಆರಿದ ಪರದೆಯ ಮುಂದೆ ಒಂದು ಗಂಟೆ ಅವರೊಡನೆ ಕುಳಿತು ಬರುತ್ತಿದ್ದಳು.